ಅಲಸಂದೆಗೆ ಬೇಕಾದ ಬೂದಿ

ರಾಮನಾಥಪುರ
ಮಂಗಳವಾರ

ಬೀರಲಿಂಗಣ್ಣನಿಗೆ ಬೇಲಿಯಾಚೆ ಮನೆ ಸಾಕಮ್ಮನ ನಮಸ್ಕಾರ.

ನಿನ್ನ ಹೆಂಡ್ತಿ ಬೀರಮ್ಮನ ಬೈಗುಳ ತಾಳದೆ ನೀನು ಶಾಂತಿಗ್ರಾಮದ ಮಗಳ ಮನೆಗೆ ಹೋಗಿ ಎಂಟು ದಿನ ಆಯ್ತು. ನಿನ್ನ ಹಸುಗಳಿಗೆ ನಮ್ಮ ಮೆದೆಯಿಂದ ಹುಲ್ಲು ಹಾಕ್ತಿದ್ದೀನಿ. ಸಾಕಮ್ಮಂದು ದೊಡ್ಡ ಮನಸ್ಸು ಅಂತ ಬೀರಮ್ಮ ಊರಿಗೆಲ್ಲ ಹೇಳ್ತಾವ್ಳೆ. ಅದನ್ನ ಕೇಳೋಕಾಗದೆ ಬರೀತಿದ್ದೀನಿ.

ನಿನ್ನ ಹುಲ್ಲಿನ ಮೆದೆ ಸುಟ್ಟಿದ್ದು ನಿನ್ನ ಬೀಡಿಯಿಂದಲ್ಲ. ಆವತ್ತು ಬೆಳಿಗ್ಗೆ ಹಿತ್ತಲಲ್ಲಿ ತರಗು ಗುಡಿಸಿ ಬೆಂಕಿ ಹಾಕಿದೋಳು ನಾನು. ಒಣಗಾಳಿ ಐತೆ, ಯಾರೂ ಬೆಂಕಿ ಹಚ್ಚಬೇಡಿ ಅಂತ ಪಂಚಾಯ್ತಿ ಆಟೋ ಕೂಗ್ಕೊಂಡು ಹೋಗಿದ್ದು ನನಗೂ ಕೇಳಿಸಿತ್ತು. ಆದ್ರೆ ಬಿತ್ತನೆ ಅಲಸಂದೆಗೆ ಹುಳ ಬೀಳದಂಗೆ ಬೆರೆಸೋಕೆ ಒಣ ಬೂದಿ ಬೇಕಿತ್ತು. ನೀರು ಹಾಕಿದ್ರೆ ಬೂದಿ ಕೆಡುತ್ತೆ ಅಂತ, ಒಲೆ ಕೆಂಡ ಮುಚ್ಚೋ ಹಂಗೆ ಮೇಲೆ ಬೂದಿ ಎಳೆದು ಒಳಗೆ ಹೋದೆ. ಮಧ್ಯಾಹ್ನ ಗಾಳಿ ಎದ್ದಿತು.

ಎಲ್ಲರೂ ನಿನ್ನ ಬೀಡೀನೇ ಕಾರಣ ಅಂದಾಗ ನಾನೂ ತಲೆ ಆಡಿಸಿದೆ ಅಣ್ಣ.

ನಾಳೆ ಬೆಳಿಗ್ಗೆ ಡೇರಿಗೆ ಹಾಲು ಹಾಕುವಾಗ ಎಲ್ಲರ ಮುಂದೆ ಹೇಳ್ತೀನಿ. ನೀನು ಗುರುವಾರದ ಬಸ್ಸಿಗೆ ಬಂದ್ಬುಡು. ನಮ್ಮ ಮೆದೇಲಿ ಉಳಿದಿರೋ ಹುಲ್ಲು ನಿಂದೇ. ಕೈಯ ಸುಟ್ಟಗಾಯಕ್ಕೆ ಮುಲಾಮು ಹಚ್ಚೋದು ಬಿಡಬೇಡ.

ನಿನ್ನ ಮೆದೆ ಉರೀತಿದ್ರೂ ಮೊದಲನೇ ಬಿಂದಿಗೆ ನೀರು ನೀನು ಸುರಿದಿದ್ದು ನಮ್ಮ ಬೇಲಿಗೆ.

ಇಂತಿ, ನಿನ್ನ ಮುಖ ನೋಡೋಕೆ ಹೆದರಿರೋ
ಸಾಕಮ್ಮ