ಉಡಿದಾರಕ್ಕೆ ಕಟ್ಟಿದ ಬೀಗದ ಕೈ

ನನಗೆ ಕೆಲಸ ಕಲಿಸಿದ ನಂಜಪ್ಪ ಸಾರ್‌ಗೆ,

ಲ್ಯಾಬಿನ ಬೀರುವಿನ ಬೀಗದ ಕೈಯನ್ನು ಯಾರಾದರೂ ಉಡಿದಾರಕ್ಕೆ ಕಟ್ಟಿಕೊಂಡು ಓಡಾಡುತ್ತಾರೆಯೇ ಸಾರ್? ಮೂಕಂಡಪಲ್ಲಿಯಲ್ಲಿ ನಿಮ್ಮನ್ನು ಬಿಟ್ಟರೆ ಇನ್ನೊಬ್ಬರನ್ನು ನಾನು ಕಾಣೆ. ಕೇಳಿದರೆ, "ಸ್ನಾನ ಮಾಡ್ವಾಗ್ಲೂ ಕಳ್ದೋಗಲ್ಲ ಕಣಮ್ಮ" ಅನ್ನುತ್ತಿದ್ದಿರಿ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎರಡು ಸಕ್ಕರೆ ಅಣುಗಳನ್ನು ಜೋಡಿಸಲು ಹೋದಾಗಲೆಲ್ಲ ಕೆಲವು ಮೇಲ್ಮುಖವಾಗಿ, ಕೆಲವು ಕೆಳಮುಖವಾಗಿ ಅಂಟಿ ಕಲಬೆರಕೆಯಾಗುತ್ತಿತ್ತು. ನಮಗೆ ಬೇಕಿದ್ದದ್ದು ಕೆಳಮುಖದ್ದು ಮಾತ್ರ. ಎರಡನ್ನೂ ಮೊದಲು ಒಂದು ಅಮೈನೋ ಆಮ್ಲದ ಕೊಂಡಿಗೆ ಕಟ್ಟೋಣ, ಜೋಡಿಯಾದ ಮೇಲೆ ಕೊಂಡಿ ಕತ್ತರಿಸೋಣ ಎಂದವರು ನೀವು. ಕೊಂಡಿಗೆ ನಾನು ಗ್ಲೈಸಿನ್ ಅಂದೆ. ನೀವು ಪ್ರೋಲಿನ್ ಬಿಟ್ಟು ಕದಲಲಿಲ್ಲ. "ಬಳುಕೋದ್ಕೆ ಕಟ್ಟಿದ್ರೆ ಎಂಗ್ ಬೇಕಾದ್ರೂ ತಿರುಗ್ತವೆ. ಬಗ್ಗದೆ ಇರೋದ್ಕೆ ಕಟ್ಟಮ್ಮ." ಎಂಥ ಹಠ ನಿಮ್ಮದು.

ಡೆಂಕಣಿಕೋಟೆಯ ನಿಮ್ಮ ರಾಗಿ ಹೊಲಕ್ಕೆ ಆನೆ ನುಗ್ಗಿತೆಂದು ನೀವು ಎದ್ದು ಹೊರಟ ದಿನ ನೆನಪಿದೆಯೇ? ಪ್ರೋಲಿನ್ ಬೀರುವಿನಲ್ಲಿ, ಬೀಗದ ಕೈ ನಿಮ್ಮ ಸೊಂಟದಲ್ಲಿ. ನಾಲ್ಕು ದಿನ ಬರಲಿಲ್ಲ, ಫೋನೂ ಎತ್ತಲಿಲ್ಲ. ಇಲ್ಲಿ ಮೇಲಿನವರು ವರದಿ ಎಲ್ಲಿ ಎಂದು ನನ್ನ ತಲೆ ತಿನ್ನುತ್ತಿದ್ದರು. ನಾನು... ಸಾರ್, ನನ್ನ ಹಠಕ್ಕೆ ಮಾಡಿಟ್ಟುಕೊಂಡಿದ್ದ ಗ್ಲೈಸಿನ್ ಕೊಂಡಿಯನ್ನೇ ಹಾಕಿ, ಲ್ಯಾಬಿನ ದಾಖಲೆ ಪುಸ್ತಕದಲ್ಲಿ ಪ್ರೋಲಿನ್ ಎಂದು ಬರೆದೆ. ಮತ್ತದೇ ಕಲಬೆರಕೆ.

ನೀವು ಬಂದು ಪುಟ ನೋಡಿ, "ಓಗ್ಲಿ ಬಿಡಮ್ಮ, ನಾನೇ ತಪ್ಪು ತಿಳ್ಕಂಡಿದ್ದೆ" ಎಂದು ಆ ಕೆಲಸವನ್ನೇ ಮುಚ್ಚಿಬಿಟ್ಟಿರಿ. ಬೀಗದ ಕೈ ನಿಮ್ಮ ಹತ್ತಿರವೇ ಇದ್ದಾಗ ಇವಳಿಗೆ ಪ್ರೋಲಿನ್ ಎಲ್ಲಿಂದ ಬಂತೆಂದು ಒಂದು ಮಾತು ಕೇಳಬಾರದಿತ್ತೇ? ಪಕ್ಕದ ಲ್ಯಾಬಿನಿಂದ ತಂದಿರಬೇಕು ಅಂದುಕೊಂಡಿರಾ? ಬೇರೆಯವರನ್ನು ನೂರು ಪ್ರಶ್ನೆ ಕೇಳಿ ಸುಸ್ತು ಮಾಡುವವರು, ನನ್ನನ್ನು ಮಾತ್ರ ಹಾಗೆ ನಂಬಿಬಿಡುವುದೇ? ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ನಾನು ದಿನ ದೂಡಿದೆ. ಅಷ್ಟರಲ್ಲಿ ನೀವು ಹೊರಟೇ ಹೋದಿರಿ. ನಿಮ್ಮ ಮೇಲೆ ನನಗಿನ್ನೂ ಸಿಟ್ಟಿದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಹೋದ ತಿಂಗಳು ನಿಮ್ಮ ಮನೆಯವರು ಬಂದು ಬೀಗದ ಕೈ ಕೊಟ್ಟರು. "ಕೊನೇ ಸ್ನಾನ ಮಾಡ್ಸೋವಾಗ ಬಿಚ್ಚಿಟ್ಟಿದ್ದೆ ಕಣವ್ವ. ನಿನ್ ಕೈಗೇ ಕೊಡ್ಬೇಕು ಅನ್ನುಸ್ತು."

ಬೀರು ತೆಗೆದೆ. ನಿಮ್ಮ ಪ್ರೋಲಿನ್ ಬಾಟಲಿಯ ಸೀಲು ಒಡೆದು, ನೀವು ಹೇಳಿದಂತೆಯೇ ಕೊಂಡಿ ಕಟ್ಟಿದೆ. ಕಲಬೆರಕೆಯಾಗಿ ಪ್ರತಿ ಸಲ ಎರಡು ಚುಕ್ಕೆ ಬರುತ್ತಿದ್ದ ಪರೀಕ್ಷೆಯ ಪಟ್ಟಿಯ ಮೇಲೆ ಒಂದೇ ಚುಕ್ಕೆ ಬಂತು ಸಾರ್. ನಂಬದೆ ಎರಡು ಸಲ ಮತ್ತೆ ಮಾಡಿದೆ. ಪೂರ್ತಿ ಕೆಳಮುಖದ್ದೇ. ನೀವು ಹೇಳಿದ್ದೇ ಸರಿ.

ಹಳೆಯ ಪುಟದ ಪ್ರೋಲಿನ್‌ಗೆ ಅಡ್ಡಗೆರೆ ಎಳೆದು, ಗ್ಲೈಸಿನ್ ಎಂದು ಬರೆದು, ಸಹಿ ಹಾಕಿದ್ದೇನೆ. ನಾಳೆ ಅದನ್ನು ಎಲ್ಲರ ಮುಂದೆ ಇಡುತ್ತೇನೆ. ಆಮೇಲೂ ನನ್ನನ್ನು ಕೆಲಸದಲ್ಲಿ ಇಟ್ಟುಕೊಂಡರೆ, ಆ ಬೀರುವಿಗೆ ಇನ್ನು ಬೀಗ ಹಾಕುವುದಿಲ್ಲ.

ನೀವು ನಂಬಿದ್ದ,
ಮಂಜುಳ