ಎಡಗಿವಿಯ ವೀಣೆ, ಬಲಗಿವಿಯ ಕೊಳಲು

ನನ್ನ ಗೆಳತಿ, ನನ್ನ ರೂಮಿನವಳು, ಮಹಾರಾಯ್ತಿ ಗಂಗೂ,

ನೀನು ಹೋದ ಮೇಲೆ ನಿನ್ನ ಜೊತೆ ಜಗಳ ಆಡಬಾರದು ಅಂದುಕೊಂಡಿದ್ದೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಮಾತಾಡಬೇಕು ಅಂತ ಊರಿನಿಂದ ನಮ್ಮ ಚಿಕ್ಕಮ್ಮ ಫೋನಿನಲ್ಲಿ ಹೇಳುತ್ತಲೇ ಇರುತ್ತಾಳೆ. ಆದರೆ ಮೊನ್ನೆ ಭಾನುವಾರ ಒಂದು ಹೆಡ್‌ಫೋನ್ ಕೊಂಡೆ ಕಣೇ. ಆಗಿನಿಂದ ಹೊಟ್ಟೆ ಉರಿಯುತ್ತಿದೆ. ಹೆಡ್‌ಫೋನ್ ಕೊಂಡು ಹೊಟ್ಟೆ ಉರಿಸಿಕೊಳ್ಳುವವಳು ಈ ಬೆಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು. ಬೇರೆ ಯಾರಿಗೆ ಹೇಳಿದರೂ ನಗುತ್ತಾರೆ. ನೀನೂ ನಗುತ್ತೀಯ, ಗೊತ್ತು. ನಕ್ಕರೂ ಸರಿ, ಪೂರ್ತಿ ಕೇಳಿಸಿಕೋ.

ಬೆಳಗಿನ ಕಂಪನಿ ಬಸ್ಸು ನೆನಪಿದೆಯಾ? ಹೂಡಿಯಲ್ಲಿ ಹತ್ತಿದರೆ ಎಲೆಕ್ಟ್ರಾನಿಕ್ ಸಿಟಿಯ ಫ್ಯಾಕ್ಟರಿ ಗೇಟಿನವರೆಗೂ ಅದು ನಮ್ಮಿಬ್ಬರ ಮನೆ. ಎಡಗಡೆಯ ಕಿಟಕಿ ನಿನ್ನದು, ನಿನ್ನ ಬಲಕ್ಕೆ ನಾನು. ಕೂತ ಕೂಡಲೇ ನಿನ್ನ ಬಿಳಿ ವೈರಿನ ಇಯರ್‌ಫೋನ್ ಹೊರಗೆ ಬರುತ್ತಿತ್ತು. ಅದರ ಮೇಲಿದ್ದ ಎಡ, ಬಲದ ಗುರುತು ನೋಡಿ, ನೀನು ಎಡದ್ದನ್ನು ನನ್ನ ಎಡಗಿವಿಗೆ, ಬಲದ್ದನ್ನು ನಿನ್ನ ಬಲಗಿವಿಗೆ ಇಡುತ್ತಿದ್ದೆ. ಒಂದು ದಿನವೂ ಅದಲುಬದಲು ಮಾಡಲಿಲ್ಲ. ದೇವರಿಗೆ ಹೂವು ಇಡುವಾಗಲೂ ನೀನು ಅಷ್ಟು ಶಿಸ್ತು ತೋರಿಸಿದ್ದು ನಾನು ಕಂಡಿಲ್ಲ. ಬೆಳ್ಳಂದೂರಿನಲ್ಲಿ ಬಸ್ಸು ಮಿಸುಕದೆ ನಿಂತಾಗ ಎಲ್ಲರೂ ಡ್ರೈವರನ್ನು ಬೈಯುತ್ತಿದ್ದರೆ, ನಾವಿಬ್ಬರು ಇನ್ನೂ ಸ್ವಲ್ಪ ಹೊತ್ತು ಹೀಗೇ ನಿಲ್ಲಲಿ ಅಂತ ಬೇಡಿಕೊಳ್ಳುತ್ತಿದ್ದೆವು.

ನಿನ್ನ ಮೆಚ್ಚಿನ ಆ ಹಳೆಯ ಹಾಡು ಬಂದಾಗ ಮಾತ್ರ ನೀನು ನನ್ನನ್ನು ಹಾಡಲು ಬಿಡುತ್ತಿರಲಿಲ್ಲ. ಒಂದು ಸಾಲು ಮುಗಿದು ಇನ್ನೊಂದು ಸಾಲು ಶುರುವಾಗುವ ಮುಂಚೆ ಅಲ್ಲಿ ಸ್ವಲ್ಪ ಖಾಲಿ ಜಾಗ ಇರುತ್ತಿತ್ತಲ್ಲ, ನಾನು ಅದರೊಳಗೆ ನನ್ನದೇ ಒಂದು "ಹೂಂಹೂಂಹೂಂ" ಸೇರಿಸುತ್ತಿದ್ದೆ. ನೀನು ತೊಡೆ ಚಿವುಟುತ್ತಿದ್ದೆ.

"ಸುಮ್ಮನಿರ ಶೋಭಾ. ಅಲ್ಲಿ ಜಾಗಾ ಖಾಲಿ ಇಲ್ಲ."

"ಖಾಲಿ ಇದ್ಯಲ್ಲೇ! ಬರೀ ತಬಲಾ ಕೇಳಿಸ್ತಿದೆ."

ನೀನು ಕಿಟಕಿಯ ಕಡೆ ಮುಖ ತಿರುಗಿಸಿ ನಗುತ್ತಿದ್ದೆ. ನನ್ನ ರಾಗ ಕೇಳಿ ನಗುತ್ತಿದ್ದೀಯ ಅಂದುಕೊಂಡು ನಾನು ಇನ್ನೂ ಜೋರಾಗಿ ಹೂಂಗುಟ್ಟುತ್ತಿದ್ದೆ. ಈಗ ನೆನೆಸಿಕೊಂಡರೆ...

ನಿನ್ನ ವೈರು ಲೂಸಾದಾಗಿನ ಭಾನುವಾರಗಳನ್ನು ಮರೆಯಲು ಸಾಧ್ಯವಾ? ಪಿನ್ನನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದರೆ ಮಾತ್ರ ಹಾಡು, ಬಿಟ್ಟರೆ ಕರಕರ. ಹೊಸದು ತಗೊಳ್ಳೋಣ ಅಂತ ಹೂಡಿ ಸರ್ಕಲ್ಲಿನ ಮೊಬೈಲ್ ಅಂಗಡಿಗೆ ಹೋಗುವುದು, ಇದ್ದಬದ್ದ ಇಯರ್‌ಫೋನ್ ಎಲ್ಲ ಬಿಚ್ಚಿಸುವುದು, ಏನೂ ಕೊಳ್ಳದೆ ಬರುವುದು. ಮದುವೆ ಸೀರೆಯನ್ನೂ ಯಾರೂ ಹಾಗೆ ಆರಿಸುವುದಿಲ್ಲ. ಅಂಗಡಿಯಲ್ಲೂ ಒಂದು ನನ್ನ ಕಿವಿಗೆ, ಒಂದು ನಿನ್ನ ಕಿವಿಗೆ. ನೀನು ಅದೇ ಹಾಡು ಹಾಕಿ ಕಣ್ಣು ಮುಚ್ಚುತ್ತಿದ್ದೆ. ಅಂಗಡಿಯವನು ತನ್ನ ಬುಡುಬುಡಿಕೆ ಶುರು ಮಾಡುತ್ತಿದ್ದ.

"ಅಕ್ಕ, ಇದು ತಗೊಳ್ಳಿ, ಸಕ್ಕತ್ ಬೇಸ್ ಇದೆ. ಎಲ್ಲಾ ಇದನ್ನೇ ಕೇಳ್ತಾರೆ."

"ಇದ್ರಾಗ ಬರೀ ಢಂಢಂ ಐತ್ರಿ. ಹಾಡವ್ರು ಬಾವ್ಯಾಗ ಬಿದ್ದು ಒದರಿದಂಗ ಕೇಳತೈತಿ."

ವೈರಿಲ್ಲದ ಪುಟಾಣಿ ತೋರಿಸಿದರೆ, "ಒಂದು ಕಿವಿಯಿಂದ ಜಾರಿದ್ರ ಸೀಟಿನ ಕೆಳಗ ಹುಡುಕ್ಕೋಂತ ಕುಂದ್ರಬೇಕು" ಅನ್ನುತ್ತಿದ್ದೆ. ದಿನಾ ಅದಕ್ಕೂ ಚಾರ್ಜ್ ಹಾಕಬೇಕು, ನಮ್ಮ ರೂಮಿನಲ್ಲಿರುವುದು ಒಂದೇ ಪ್ಲಗ್ಗು. ರಬ್ಬರಿನ ತುದಿಯದು ನಿನ್ನ ಕಿವಿಗೆ ದಪ್ಪ, ಗಟ್ಟಿ ಪ್ಲಾಸ್ಟಿಕ್ಕಿನದು ಒತ್ತುತ್ತದೆ. ಸ್ಪಂಜಿನ ದೊಡ್ಡ ಹೆಡ್‌ಫೋನನ್ನಂತೂ ಮುಟ್ಟಲೂ ಇಲ್ಲ. "ಎರಡೂ ಕಿವಿ ಒಬ್ರ ಮುಚ್ಚಿಕೊಂಡು ಕುಂತ್ರ, ಬಾಜೂಕ್ಕ ಕುಂತವ್ರು ಏನ್ ಮಾಡಬೇಕು?" ಅಂದಿದ್ದೆ.

ಆ ಬಾಜೂಕ್ಕ ಕುಂತವಳು ನಾನು ಅಂದುಕೊಂಡು ಎಷ್ಟು ಬೀಗಿದ್ದೆ ಗೊತ್ತಾ? ಆವತ್ತು ದಾರಿಯಲ್ಲಿ ನಿನಗೆ ಪಾನಿಪುರಿ ಕೊಡಿಸಿದ್ದು ಅದೇ ಖುಷಿಗೆ.

ಆಮೇಲೆ ಬಂದಳಲ್ಲ ರೇಣುಕಾ, ನಿಮ್ಮ ಪ್ಯಾಕಿಂಗ್ ಲೈನಿಗೆ. ಬಾಗಲಕೋಟೆ ಕಡೆಯ ಹುಡುಗಿ. ನಿನ್ನದೇ ಭಾಷೆ, ನಿನ್ನದೇ ರೊಟ್ಟಿ, ನಿನ್ನದೇ ಶೇಂಗಾ ಚಟ್ನಿ. ನಾನು ಕೋಲಾರದ ಮುದ್ದೆಯವಳು, ಟೆಸ್ಟಿಂಗ್ ಲೈನಿನವಳು. ಒಂದೊಂದು ಲೈನಿಗೆ ಒಂದೊಂದು ಹೊತ್ತಿಗೆ ಊಟ ಬಿಡುವ ಪದ್ಧತಿಯನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ! ನಿಮ್ಮ ಲೈನು ಉಂಡು ಒಳಗೆ ಹೋದ ಮೇಲೆ ನಮ್ಮದು ಹೊರಗೆ. ಒಂದು ಮಧ್ಯಾಹ್ನ ನಮ್ಮ ಲೈನಿನ ಮಂಜುಳಾ ಸುಮ್ಮನೆ ಹೇಳಿದಳು: "ನಿನ್ ಫ್ರೆಂಡು ವಾಟರ್ ಟ್ಯಾಂಕ್ ಕಟ್ಟೆ ಮೇಲೆ ಆ ಹೊಸ ಹುಡುಗಿ ಜೊತೆ ಹಾಡು ಕೇಳ್ತಾ ಕೂತಿರ್ತಾಳೆ. ಒಂದೇ ವೈರು, ಇಬ್ರು. ನೋಡೋಕೆ ಮುದ್ದಾಗಿರ್ತಾರೆ."

ಮುದ್ದಾಗಿ! ಆವತ್ತು ಊಟದ ಡಬ್ಬಿಯನ್ನು ಹಾಗೇ ಮುಚ್ಚಿಟ್ಟೆ. ಸಂಜೆ ಬಸ್ಸಿನಲ್ಲಿ ಕೇಳಿದರೆ ನೀನು ಕಣ್ಣೂ ಮಿಟುಕಿಸದೆ, "ಹೌದು, ಕೇಳತೀವಿ. ಅದಕ್ಕೇನೀಗ?" ಅಂದೆ. ಅದಕ್ಕೇನೀಗ ಅಂದರೆ ನಾನು ಏನು ಹೇಳಲಿ? ನನ್ನ ಕಿವಿಗೆ ಹಾಕಿದ್ದನ್ನು ಅವಳ ಕಿವಿಗೆ ಹಾಕಬೇಡ ಅಂತಲಾ? ಹೇಳಬೇಕಿತ್ತು. ಸಂಜೆಯ ಬಸ್ಸಿನಲ್ಲಿ ನಿನಗೆ ಹೇಗೂ ನಿದ್ದೆ, ನನಗೆ ಉರಿ.

ತಂಗಿಯ ಸೀಮಂತಕ್ಕೆ ಅಂತ ಊರಿಗೆ ಹೊರಟ ದಿನ ನಿನ್ನ ಮೈ ಬೆಚ್ಚಗಿತ್ತು. ಮಾತ್ರೆ ನುಂಗಿ ರೈಲು ಹತ್ತಿದೆ. ಜ್ವರ ಡೆಂಗ್ಯೂ ಆಯಿತು, ಡೆಂಗ್ಯೂ ಇನ್ನೇನೋ ಆಯಿತು. ನಿಮ್ಮಣ್ಣ ಫೋನ್ ಮಾಡಿದಾಗ ನಾನು ಲೈನಿನಲ್ಲಿದ್ದೆ, ಫೋನು ಲಾಕರಿನಲ್ಲಿತ್ತು. ಸುದ್ದಿ ನನಗಿಂತ ಮೊದಲು ಮುಟ್ಟಿದ್ದು ರೇಣುಕಾಗೆ, ನಿಮ್ಮ ಊರ ಕಡೆಯ ಯಾರ ಮೂಲಕವೋ. ಅವಳು ಕ್ಯಾಂಟೀನಿನ ನಡುವೆ ಕೂತು ಗೋಳೋ ಅಂತ ಅತ್ತಳು. ನಮ್ಮ ಲೈನು ಊಟಕ್ಕೆ ಬಂದಾಗಲೂ ಆ ಅಳು ನಿಂತಿರಲಿಲ್ಲ. ಎಲ್ಲರೂ ಅವಳಿಗೆ ನೀರು ಕೊಟ್ಟರು, ಬೆನ್ನು ಸವರಿದರು. ಸೂಪರ್‌ವೈಸರ್ ಅವಳಿಗೆ ಅರ್ಧ ದಿನ ರಜೆ ಕೊಟ್ಟ. ನನಗೆ ಅಳು ಬರಲಿಲ್ಲ ಗಂಗೂ, ಕಲ್ಲಿನ ಹಾಗೆ ನಿಂತಿದ್ದೆ. ಅಳದವಳಿಗೆ ಯಾರು ನೀರು ಕೊಡುತ್ತಾರೆ? ಮತ್ತೆ ಹೋಗಿ ಸಂಜೆಯವರೆಗೂ ಸರ್ಕ್ಯೂಟ್ ಬೋರ್ಡು ಟೆಸ್ಟ್ ಮಾಡಿದೆ. ನಿನ್ನ ಸಾವೂ ಅವಳ ಪಾಲಿಗೇ ಹೋಯಿತಲ್ಲ ಅನ್ನಿಸಿತು. ಇದನ್ನು ಓದಿ ಬೇಜಾರು ಮಾಡಿಕೊಳ್ಳಬೇಡ, ಅನ್ನಿಸಿದ್ದನ್ನೇ ಬರೆಯುತ್ತಿದ್ದೇನೆ.

ಮೊನ್ನೆ ಭಾನುವಾರ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ರೇಣುಕಾ, ಕೈಯಲ್ಲಿ ರೊಟ್ಟಿಯ ಗಂಟು.

"ಅಕ್ಕಾರ, ನನಗ ಒಂದು ಹೆಡ್‌ಫೋನ್ ಆರಿಸಿ ಕೊಡ್ರಿ. ಗಂಗಕ್ಕ ನಿಮ್ಮ ಜೋಡಿ ಅಂಗಡಿ ಅಂಗಡಿ ತಿರಗತಿದ್ಲಂತ. ಆಕೀಗೆ ಹೆಂಥಾದ್ದು ಸೇರತಿತ್ತು ಅನ್ನೋದು ನಿಮಗ ಗೊತ್ತಲ್ರಿ."

ಸತ್ಯ ಹೇಳುತ್ತೇನೆ, ನನಗೆ ಖುಷಿಯಾಯಿತು. ಕಟ್ಟೆಯ ಮೇಲೆ ಕೂತವಳು ಅವಳಿರಬಹುದು, ಅಂಗಡಿಗೆ ಕರೆದೊಯ್ದದ್ದು ನನ್ನನ್ನು! ಬಿಗುಮಾನದಿಂದಲೇ ಚಪ್ಪಲಿ ಮೆಟ್ಟಿಕೊಂಡೆ. ಅಂಗಡಿಯಲ್ಲಿ ನಿನ್ನ ಹಾಗೇ ನಿಂತೆ. ಅವಳು ಗುಲಾಬಿ ಬಣ್ಣದ, ವೈರಿಲ್ಲದ ಡಬ್ಬಿಯ ಮೇಲೆ ಕೈ ಇಟ್ಟಳು. "ಸೀಟಿನ ಕೆಳಗೆ ಹುಡುಕ್ತಾ ಕೂರ್ಬೇಕಾಗತ್ತೆ" ಅಂದೆ. ಬೇಸ್ ಜಾಸ್ತಿ ಇರುವುದನ್ನೆಲ್ಲ ಪಕ್ಕಕ್ಕೆ ತಳ್ಳಿಸಿದೆ. ಆಮೇಲೆ ಅಂಗಡಿಯವನು, ನಾನು ಬೇಡ ಅನ್ನುವ ಮೊದಲೇ, ಒಂದು ಹಗುರವಾದ ಸ್ಪಂಜಿನ ಹೆಡ್‌ಫೋನನ್ನು ನನ್ನ ತಲೆಗೇ ಏರಿಸಿಬಿಟ್ಟ. "ಒಂದ್ಸಲ ಕೇಳಿ ಅಕ್ಕ, ಆಮೇಲೆ ಬೈಯಿರಿ."

ಆ ಹಳೆಯ ಹಾಡನ್ನೇ ಹಾಕಿದೆ. ಮೊದಲ ಸಾಲು ಮುಗಿಯಿತು. ಹೂಂಗುಟ್ಟಲು ಬಾಯಿ ತೆರೆದೆ. ಅಷ್ಟರಲ್ಲಿ ಬಲಗಿವಿಯ ಕಡೆಯಿಂದ ಒಂದು ಕೊಳಲು ಬಂತು. ನನ್ನ "ಹೂಂಹೂಂ" ಇರಬೇಕಾದ ಜಾಗದಲ್ಲಿ ಅದು ಆರಾಮಾಗಿ ಕೂತು, ಹಾಡಿದವಳಿಗೆ ಉತ್ತರ ಕೊಟ್ಟು ಹೋಯಿತು. ನಾನು ತಿರುಗಿ ನೋಡಿದೆ, ಯಾರಾದರೂ ಅಂಗಡಿಯಲ್ಲಿ ನುಡಿಸುತ್ತಿದ್ದಾರೇನೋ ಅಂತ.

"ಇದೇನಿದು ಕೊಳಲು? ಈ ಹಾಡಲ್ಲಿ ಕೊಳಲೆಲ್ಲಿಂದ ಬಂತು?"

ರೇಣುಕಾ ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದಳು. "ಅಯ್ಯ, ಕೊಳಲಽ ಅಲ್ರಿ ಆ ಹಾಡು! ಕೊಳಲ ಇಲ್ದ ಅದ್ರಾಗ ಏನೈತಿ?"

ಎಂಥ ಉರಿ ಗೊತ್ತಾ! ಹೆಡ್‌ಫೋನ್ ಕಿತ್ತು ಅವಳ ತಲೆಗೆ ಹಾಕಿದೆ. ಒಂದು ನಿಮಿಷವೂ ಆಗಿರಲಿಲ್ಲ, ಅವಳು ಎಡಗಿವಿ ಹಿಡಿದುಕೊಂಡು, "ಅಕ್ಕಾ, ಇಲ್ಲಿ ಯಾರೋ ವೀಣಿ ಬಾರ್ಸಾಕತ್ಯಾರ್ರಿ! ಇದು ಬ್ಯಾರೆ ಹಾಡೇನ್ರಿ?" ಅಂದಳು.

ನಾನು ಹಗಲಿಡೀ ಎಡ ಬಲ ನೋಡಿ ಟೆಸ್ಟ್ ಮಾಡುವವಳು. ಹೆಡ್‌ಫೋನನ್ನು ಹಿಂದುಮುಂದು ತಿರುಗಿಸಿ ಹಾಕಿಕೊಂಡೆ. ಕೊಳಲು ಎಡಕ್ಕೆ ಬಂತು, ವೀಣೆ ಬಲಕ್ಕೆ ಹೋಯಿತು. ಆಗ ಗೊತ್ತಾಯಿತು. ಹಾಡುವ ದನಿ ಎರಡೂ ಕಡೆ, ವೀಣೆ ಎಡಕ್ಕೆ ಮಾತ್ರ, ಕೊಳಲು ಬಲಕ್ಕೆ ಮಾತ್ರ. ಬಸ್ಸಿನಲ್ಲಿ ನಿನ್ನ ಬಲಕ್ಕೆ ಕೂತ ನನಗೆ ಯಾವಾಗಲೂ ಎಡದ್ದು. ಟ್ಯಾಂಕಿನ ಗೋಡೆಗೆ ಒರಗಿದ ನಿನ್ನ ಎಡಕ್ಕೆ ರೇಣುಕಾ ಕೂರುತ್ತಿದ್ದಳಂತೆ, ಹಾಗಾಗಿ ಅವಳಿಗೆ ಯಾವಾಗಲೂ ಬಲದ್ದು. ರೂಮಿನಲ್ಲಿ ಫೋನಿನ ಸ್ಪೀಕರಿನಲ್ಲಿ ಹಾಕೋಣ ಅಂದರೆ, "ಡಬ್ಬ್ಯಾಗ ಹಾಕಿ ಅಳ್ಳಾಡಿಸಿದಂಗ ಆಗತೈತಿ" ಅಂತ ನೀನು ಬಿಡುತ್ತಿರಲಿಲ್ಲ. ಚಹಾ ಅಂಗಡಿಯಲ್ಲೋ ಮದುವೆಮನೆಯಲ್ಲೋ ಅದೇ ಹಾಡು ಬಂದಿರಬಹುದು. ಅಲ್ಲಿ ಯಾರು ಕಿವಿಗೊಡುತ್ತಾರೆ?

ಅಂಗಡಿಯಿಂದ ಬರುತ್ತಾ ನಾನು ಲೆಕ್ಕ ಹಾಕಿದೆ, ಕೊಳಲು ದೊಡ್ಡದೋ ವೀಣೆ ದೊಡ್ಡದೋ ಅಂತ. ಅವಳಿಗೆ ಕೊಳಲು ಕೊಟ್ಟೆಯಲ್ಲ, ಯಾಕೆ? ಇಷ್ಟಕ್ಕೂ ಅವಳು ಬಂದದ್ದು ನಿನ್ನೆಮೊನ್ನೆ. ಸ್ವಲ್ಪ ದೂರ ನಡೆದ ಮೇಲೆ ಇನ್ನೊಂದು ಹೊಳೆಯಿತು, ಅದು ಇನ್ನೂ ಹೆಚ್ಚು ಸುಟ್ಟಿತು. ಬೆಳಿಗ್ಗೆ ನನ್ನ ಪಕ್ಕ ಕೂತು ನೀನು ಕೊಳಲು ಕೇಳಿದೆ. ಮಧ್ಯಾಹ್ನ ಅವಳ ಪಕ್ಕ ಕೂತು ವೀಣೆ ಕೇಳಿದೆ. ನಮ್ಮಿಬ್ಬರಿಗೂ ಅರ್ಧರ್ಧ ಹಾಡು, ನಿನಗೆ ಮಾತ್ರ ಪೂರ್ತಿ! ಕಳ್ಳಿ! ಗೊತ್ತಿದ್ದೇ ಮಾಡಿದೆಯಾ? "ಜಾಗಾ ಖಾಲಿ ಇಲ್ಲ" ಅಂದಿದ್ದೆಯಲ್ಲ, ಹಾಗಾದರೆ ಗೊತ್ತಿತ್ತು. ಒಂದು ದಿನವಾದರೂ ಬದಲಾಯಿಸಿ ಕೊಟ್ಟಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಆದರೂ ಗಂಗೂ, ನೀನು ಎರಡನ್ನೂ ನಿನ್ನ ಕಿವಿಗೇ ಇಟ್ಟುಕೊಂಡದ್ದನ್ನು ನಾನು ಯಾವತ್ತೂ ನೋಡಿಲ್ಲ. ರೇಣುಕಾಳನ್ನು ಕೇಳಿದೆ. ಅವಳೂ ನೋಡಿಲ್ಲವಂತೆ. ನಿನ್ನ ಮೇಲಿನ ಸಿಟ್ಟು ಮಾತ್ರ ಹಾಗೇ ಇದೆ.

ಸ್ಪಂಜಿನ ಹೆಡ್‌ಫೋನ್ ನಾನು ತಗೊಂಡೆ. ಎರಡೂ ಕಿವಿ ಒಬ್ಬಳೇ ಮುಚ್ಚಿಕೊಂಡು ಕೂರುತ್ತೇನೆ, ಬೈದುಕೋ. ರೇಣುಕಾಗೆ ಮೆತ್ತನೆ ತುದಿಯ, ಉದ್ದ ವೈರಿನದನ್ನು ಆರಿಸಿಕೊಟ್ಟೆ. ಹಾಡುವವರ ದನಿ ಬಾವಿಯಲ್ಲಿಲ್ಲ, ಪಕ್ಕದಲ್ಲೇ ಇದೆ. ನೀನಿದ್ದಿದ್ದರೆ ಅದನ್ನೇ ಕೊಳ್ಳುತ್ತಿದ್ದೆ. ನಿನಗೆ ಸೇರುವಂಥದ್ದನ್ನು ಅವಳಿಗೆ ಆರಿಸಿಕೊಟ್ಟವಳು ನಾನು ಅನ್ನುವುದು ನೆನಪಿರಲಿ.

ಇನ್ನು ನಿನಗೆ ಗೊತ್ತಿಲ್ಲದ ಸುದ್ದಿ. ರೇಣುಕಾ ಇದ್ದ ಪಿ.ಜಿ. ಖಾಲಿ ಮಾಡಿಸುತ್ತಿದ್ದಾರೆ. ಅವಳು ಅಂಜುತ್ತಾ ಅಂಜುತ್ತಾ ಕೇಳಿದಳು, ನನ್ನ ಬಾಯಿಂದ ಹೂಂ ಅಂತ ಬಂದುಬಿಟ್ಟಿತು. ಮುಂದಿನ ವಾರದಿಂದ ಅವಳು ನಮ್ಮ ರೂಮಿಗೆ ಬರುತ್ತಾಳೆ. ಬಸ್ಸಿನಲ್ಲಿ ಅವಳ ವೈರಿನ ಒಂದು ತುದಿ ನನ್ನ ಕಿವಿಗೆ, ಒಂದು ಅವಳ ಕಿವಿಗೆ. ಒಂದು ದಿನ ಕೊಳಲು ನನಗೆ, ಮಾರನೆಯ ದಿನ ಅವಳಿಗೆ. ನಾನು ನಿನ್ನ ಹಾಗಲ್ಲ, ಸರಿಯಾಗಿ ಹಂಚುತ್ತೇನೆ. ಇದು ಮಾತು.

ನಿನ್ನೆ ಬಟ್ಟೆಯ ಚೀಲ ಇಟ್ಟುಹೋಗಲು ಬಂದಿದ್ದಳು. ಸುತ್ತಿ ಗೋಡೆಗೆ ಒರಗಿಸಿದ ಎರಡು ಹಾಸಿಗೆ ನೋಡಿ ಬಾಗಿಲಲ್ಲೇ ನಿಂತಳು. ನಿನ್ನದನ್ನು ಇನ್ನೂ ಎಸೆದಿಲ್ಲ. ಹೋದವರ ಹಾಸಿಗೆ ಮನೆಯಲ್ಲಿಟ್ಟುಕೊಳ್ಳಬಾರದು ಅಂತ ಚಿಕ್ಕಮ್ಮ ದಿನಾ ಫೋನಿನಲ್ಲಿ ಕೂಗಾಡುತ್ತಾಳೆ, ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

"ಗಂಗಕ್ಕನ ಹಾಸಿಗಿ ಯಾವುದ್ರಿ?" ಅಂತ ಕೇಳಿದಳು.

ನಾನು ನನ್ನದನ್ನು ತೋರಿಸಿದೆ.

ಅವಳು ಅದನ್ನು ಬಿಚ್ಚಿ, ನನ್ನ ದಿಂಬಿನಲ್ಲಿ ಮುಖ ಹುದುಗಿಸಿ, ನಿನ್ನ ಹೆಸರು ಹಿಡಿದು ಅತ್ತಳು. ನಾನು ಅವಳಿಗೆ ನೀರು ಕೊಟ್ಟೆ. ನಿಜ ಮಾತ್ರ ಹೇಳಲಿಲ್ಲ, ಮುಂದೆಯೂ ಹೇಳುವುದಿಲ್ಲ. ಹಾಡನ್ನಾದರೆ ಹಂಚಿಕೊಳ್ಳಬಹುದು ಕಣೇ. ನಿನ್ನ ದಿಂಬಿನಲ್ಲಿ ಇನ್ನೂ ನಿನ್ನ ತಲೆಯೆಣ್ಣೆಯ ವಾಸನೆ ಇದೆ, ಅದು ದಿನದಿನಕ್ಕೆ ಕಡಿಮೆಯಾಗುತ್ತಿದೆ. ಅದರಲ್ಲಿ ಅರ್ಧ ಕೊಡು ಅಂದರೆ ನಾನು ಕೊಡಲಾರೆ.

ನಿನ್ನ ಶೋಭಾ