ಚಿತ್ರದ ಹಿಂಬದಿ

ಇವಳೇ,

ನೀನು ಹೋದ ಮೇಲೆ, ನಿನ್ನ ಅಪ್ಪ ಕೂಡಿಟ್ಟ ಚಿತ್ರಗಳನ್ನೆಲ್ಲ ಊರಿಗೆ ಬಿಟ್ಟುಕೊಟ್ಟೆ. ನಮ್ಮ ಮನೆಯೇ ಇವತ್ತು ಮ್ಯೂಸಿಯಂ ಆಯಿತು. ನಡುಮನೆಯಲ್ಲಿ ಬಟ್ಟೆಯ ಮೇಲೆ ಬರೆಸಿದ ನಿನ್ನ ಚಿತ್ರ ಇದೆ. ಅದರ ಕೊರಳಿನ ಸೀಳು ತೋರಿಸಿ ಗೈಡ್ ಹೆಂಗಸು, "ಇದು ಟ್ರಾನ್ಸಿಟ್ ಡ್ಯಾಮೇಜ್" ಎಂದಳು. ಕೆಳಗಿನ ಚೀಟಿಯಲ್ಲಿ ಹಾಗೆ, ಸಾಗಿಸುವಾಗ ಹರಿದದ್ದು ಅಂತ, ಬರೆಸಿದ್ದು ನಾನೇ. ಮರೆತುಹೋದ ಕಾಲೇಜು ಇಂಗ್ಲಿಷು ಇಂಥದ್ದಕ್ಕಾದರೂ ಬಂತಲ್ಲ.

ನಿನ್ನ ತಮ್ಮ ಜನರ ನಡುವೆಯೇ ನನ್ನ ಕೊರಳಪಟ್ಟಿ ಹಿಡಿದ. "ಭಾವ, ಚಾಕು ಎಸೆದಿದ್ದು ಯಾರು? ಬಾಯಿ ಬಿಡಿ! ಈ ಚಿತ್ರದ ಮುಂದೆ ನಿಂತಿದ್ದ ಅಕ್ಕ ಬಗ್ಗದೇ ಇದ್ದಿದ್ರೆ ಅವಳ ಕುತ್ತಿಗೆಗೇ ಬೀಳ್ತಿತ್ತು!" ನನ್ನ ತಲೆಯನ್ನು ಎರಡು ಸಲ ಗೋಡೆಗೆ ಅಪ್ಪಳಿಸಿದ. ನಾನೂ ಬಿಡಲಿಲ್ಲ, ಮೂಗಿಗೇ ಗುದ್ದಿದೆ. ಅವನ ಬಿಳಿ ಅಂಗಿಯೆಲ್ಲ ರಕ್ತ. ಎಪ್ಪತ್ತಾದರೂ ಈ ಕೈ ಹಾಗೆಯೇ ಏಳುತ್ತದೆ ನೋಡು.

ಆ ಜಟಾಪಟಿಯಲ್ಲಿ ಚಿತ್ರ ಬಿದ್ದು ಮಗುಚಿಕೊಂಡಿತು. ಹಿಂಬದಿಯಲ್ಲಿ ಸೀಳಿನುದ್ದಕ್ಕೂ ನಿನ್ನ ಹೊಲಿಗೆ ಇತ್ತು, ನನ್ನ ಅಂಗಿಗೆ ಗುಂಡಿ ಹಾಕುತ್ತಿದ್ದ ಅದೇ ನೀಲಿ ದಾರದಲ್ಲಿ. ಮೂವತ್ತು ವರ್ಷ ಅದರೆದುರೇ ಊಟಕ್ಕೆ ಕೂತವನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ.

ಗೈಡ್ ಉದುರಿದ ಚೀಟಿ ಎತ್ತಿಕೊಂಡು, "ಮತ್ತೆ ಅದೇ ಚೀಟಿ ಅಂಟಿಸ್ಲಾ ಸರ್?" ಎಂದಳು.

"ಬೇಡಮ್ಮ," ಎಂದೆ. "ಚಾಕು ಎಸೆದವನು ಅಂತ ನನ್ನ ಹೆಸರು ಬರಿ. ಇಂಗ್ಲಿಷ್ ಬೇಡ, ಎಲ್ಲರಿಗೂ ಅರ್ಥ ಆಗ್ಲಿ."